ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಆಣ್ವಿಕ ಜೀವವಿಜ್ಞಾನಕ್ಕೆ ಪ್ರಶಸ್ತಿ ಬರುವ ಬಗೆ

ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಆಣ್ವಿಕ ಜೀವವಿಜ್ಞಾನದ, ಅಂದರೆ ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನಿನಂಥ ಅಣುಗಳ ಮಟ್ಟದಲ್ಲಿ ಜೀವವನ್ನು ಅರಿಯುವ ವಿಜ್ಞಾನದ, ಪ್ರಶಸ್ತಿಗಳ ಸುತ್ತಲಿನವು. ಯಾರಿಗೆ ಕೊಡುತ್ತಾರೆ, ಹೇಗೆ ಆರಿಸುತ್ತಾರೆ, ಅದರಿಂದ ನಮಗೇನು ಎಂಬ ಧಾಟಿಯವು. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನೊಬೆಲ್‌ನಲ್ಲಿ ಆಣ್ವಿಕ ಜೀವವಿಜ್ಞಾನ ಎಂಬ ವಿಭಾಗವೇ ಇಲ್ಲ. ಈ ಕ್ಷೇತ್ರದವರಿಗೆಂದೇ ಬೇರೆ ಪ್ರಶಸ್ತಿ ಇದೆಯೆ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ)

ಉತ್ತರ: ಇದೆ. ನೊಬೆಲ್‌ನಲ್ಲಿ ಈ ಕ್ಷೇತ್ರದವರು ವೈದ್ಯಕೀಯ ಅಥವಾ ರಸಾಯನ ವಿಭಾಗದ ಬಾಗಿಲಿನಿಂದ ಒಳಗೆ ಬರುತ್ತಾರೆ. ನಮ್ಮ ವೆಂಕಿ ರಾಮಕೃಷ್ಣನ್ ಅವರಿಗೆ 2009ರಲ್ಲಿ, ಜೀವಕೋಶದೊಳಗೆ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿನ ರಚನೆಗಾಗಿ ಸಿಕ್ಕಿದ್ದು ರಸಾಯನದ ನೊಬೆಲ್. ಈ ಕ್ಷೇತ್ರದ ಹೆಸರನ್ನೇ ಹೊತ್ತ ಪ್ರಶಸ್ತಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನದು. 1962ರಿಂದ ಕೊಡುತ್ತಿದ್ದಾರೆ. ಜೀವಮಾನದ ಸೇವೆಗಲ್ಲ, ಯುವ ವಿಜ್ಞಾನಿಯೊಬ್ಬರ ಇತ್ತೀಚಿನ ಒಂದು ಮುಖ್ಯ ಶೋಧಕ್ಕೆ. ಯುರೋಪಿನಲ್ಲಿ ಎಂಬೊ (ಯುರೋಪಿನ ಆಣ್ವಿಕ ಜೀವವಿಜ್ಞಾನ ಸಂಘಟನೆ) ಸಂಸ್ಥೆಯ ಚಿನ್ನದ ಪದಕ 1986ರಿಂದ ಇದೆ. ಭಾರತದಲ್ಲಿ ಭಟ್ನಾಗರ್ ಪ್ರಶಸ್ತಿಯ ಜೀವವಿಜ್ಞಾನ ವಿಭಾಗ ಮತ್ತು ಇನ್ಫೋಸಿಸ್ ಪ್ರಶಸ್ತಿಯ ಜೀವವಿಜ್ಞಾನ ವಿಭಾಗ, ಇವೆರಡೂ ಈ ಕ್ಷೇತ್ರದವರಿಗೆ ಹೆಚ್ಚು ಒಲಿದಿವೆ.

ಅಮೆರಿಕದ ಪ್ರಶಸ್ತಿ ಮೊದಲ ವರ್ಷ ಹೋದದ್ದು ಮಾರ್ಷಲ್ ನಿರೆನ್‌ಬರ್ಗ್ ಅವರಿಗೆ. ಅದನ್ನು ತಂದುಕೊಟ್ಟ ಪ್ರಯೋಗವನ್ನು ಸ್ವಲ್ಪ ಬಿಡಿಸಿ ನೋಡಿದರೆ ಸಮಿತಿಗಳಿಗೆ ಎಂಥದ್ದು ಹಿಡಿಸುತ್ತದೆ ಎಂಬುದು ತಿಳಿಯುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾವನ್ನು ಅರೆದು ತೆಗೆದ ರಸದಲ್ಲಿ ರೈಬೋಸೋಮು, ಕಿಣ್ವ ಎಲ್ಲವೂ ಇರುತ್ತವೆ. ಅದರೊಳಗಿನ ಡಿಎನ್‌ಎಯನ್ನು ಕಿಣ್ವ ಹಾಕಿ ಕತ್ತರಿಸಿಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಪ್ರೋಟೀನ್ ತಯಾರಿಕೆ ನಿಲ್ಲುತ್ತದೆ. ಆಗ ಹೊರಗಿನಿಂದ, ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಯು ಎಂಬ ಒಂದನ್ನೇ ಸಾಲಾಗಿ ಜೋಡಿಸಿದ ಕೃತಕ ಆರ್‌ಎನ್‌ಎ ಸೇರಿಸಿದರು. ಪ್ರೋಟೀನಿನ ಇಟ್ಟಿಗೆಗಳಾದ ಇಪ್ಪತ್ತೂ ಅಮೈನೊ ಆಮ್ಲಗಳನ್ನು ಹಾಕಿ, ಪ್ರತಿ ಸಲ ಒಂದಕ್ಕೆ ಮಾತ್ರ ವಿಕಿರಣಶೀಲ ಇಂಗಾಲ-14ರ ಗುರುತು. ಫಿನೈಲ್‌ಅಲನೀನ್‌ಗೆ ಗುರುತಿದ್ದ ಕೊಳವೆಯಲ್ಲಿ ಮಾತ್ರ ವಿಕಿರಣ ಪ್ರೋಟೀನಿನ ಗಸಿಗೆ ಬಂತು, ಉಳಿದವುಗಳಲ್ಲಿ ಇಲ್ಲ. 1961ರ ಮೇ ತಿಂಗಳ ಈ ಫಲಿತಾಂಶದಿಂದ ಯು ಅಕ್ಷರದ ಸಾಲೆಂದರೆ ಫಿನೈಲ್‌ಅಲನೀನ್ ಎಂದು ವಂಶವಾಹಿ ಭಾಷೆಯ ಮೊದಲ ಪದ ಓದಿದಂತಾಯಿತು. ಶೋಧವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು, ಹೋಲಿಕೆಯ ಕೊಳವೆಗಳು ಪಕ್ಕದಲ್ಲೇ ಇವೆ, ಬೇರೆಯವರು ಮಾರನೆಯ ವಾರವೇ ಮಾಡಿ ನೋಡಬಹುದು. ಪ್ರಶಸ್ತಿ ಗೆಲ್ಲುವ ಕೆಲಸದ ಗುಣ ಬಹುಮಟ್ಟಿಗೆ ಇದೇ.

ಪ್ರಶ್ನೆ: ದುಡ್ಡು ಎಷ್ಟು ಬರುತ್ತದೆ? ಮುಚ್ಚುಮರೆಯಿಲ್ಲದೆ ಹೇಳಿ.
(ಚನ್ನರಾಯಪಟ್ಟಣ)

ಉತ್ತರ: ಅಮೆರಿಕದ ಆಣ್ವಿಕ ಜೀವವಿಜ್ಞಾನ ಪ್ರಶಸ್ತಿಗೆ 25,000 ಡಾಲರ್ ಮತ್ತು ಪದಕ. ಎಂಬೊ ಪದಕಕ್ಕೆ 10,000 ಯೂರೊ. ಇನ್ಫೋಸಿಸ್ ಪ್ರಶಸ್ತಿಗೆ 1 ಲಕ್ಷ ಡಾಲರ್. ನೊಬೆಲ್ 2023ರಿಂದ ಒಂದು ವಿಭಾಗಕ್ಕೆ 1.1 ಕೋಟಿ ಸ್ವೀಡಿಷ್ ಕ್ರೋನ, ಮೂವರಿದ್ದರೆ ಹಂಚಿಕೆ. ಭಟ್ನಾಗರ್ ಪ್ರಶಸ್ತಿ ಹಳೆಯ ರೂಪದಲ್ಲಿದ್ದಾಗ 5 ಲಕ್ಷ ರೂಪಾಯಿ, ಜೊತೆಗೆ 65 ವರ್ಷದವರೆಗೆ ತಿಂಗಳಿಗೆ 15,000 ಗೌರವಧನ ಇತ್ತು. ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರದೊಳಗೆ ಸೇರಿದ ಮೇಲೆ ಪದಕ ಮತ್ತು ಸನ್ನದು ಮಾತ್ರ. ನಗದು ತೆಗೆದದ್ದು ನಮಗೆ ಅಷ್ಟು ಸರಿಕಂಡಿಲ್ಲ. ನಲವತ್ತರ ಆಸುಪಾಸಿನ ವಿಜ್ಞಾನಿಗೆ ತಿಂಗಳ ಆ ಮೊತ್ತ ಸಣ್ಣ ಬಲವಾಗಿರಲಿಲ್ಲ.

ಪ್ರಶ್ನೆ: ಇದಕ್ಕೆ ನಾವೇ ಅರ್ಜಿ ಹಾಕಬೇಕೆ? ನಮ್ಮ ಕಾಲೇಜಿನಿಂದ ಹೋಗಿ ಸಂಶೋಧನೆಯಲ್ಲಿ ಹೆಸರು ಮಾಡಿದ ಹಳೆಯ ವಿದ್ಯಾರ್ಥಿಯೊಬ್ಬರ ಹೆಸರನ್ನು ಸೂಚಿಸಬೇಕೆಂದಿದೆ. ಏನೇನು ಬೇಕು?
(ಉಪನ್ಯಾಸಕರು, ಚಿಕ್ಕಮಗಳೂರು)

ಉತ್ತರ: ನೊಬೆಲ್‌ಗೆ ಅರ್ಜಿ ಎಂಬುದೇ ಇಲ್ಲ. ವೈದ್ಯಕೀಯ ವಿಭಾಗಕ್ಕೆ ಪ್ರತಿ ವರ್ಷ ಸುಮಾರು 3,000 ಜನರಿಗೆ ಗುಟ್ಟಾಗಿ ನಮೂನೆ ಕಳಿಸುತ್ತಾರೆ. ಹಿಂದಿನ ವಿಜೇತರು, ಕರೋಲಿನ್‌ಸ್ಕಾ ಸಂಸ್ಥೆಯ ನೊಬೆಲ್ ಸಭೆಯ ಸದಸ್ಯರು, ಆಯ್ದ ಪ್ರಾಧ್ಯಾಪಕರು ಅವರಲ್ಲಿದ್ದಾರೆ. ತನ್ನ ಹೆಸರನ್ನು ತಾನೇ ಸೂಚಿಸಿಕೊಂಡರೆ ಲೆಕ್ಕಕ್ಕಿಲ್ಲ. ಯಾರು ಯಾರನ್ನು ಸೂಚಿಸಿದರು ಎಂಬುದು 50 ವರ್ಷ ಬೀಗದೊಳಗೆ ಇರುತ್ತದೆ. ಹಾಗಾಗಿ ‘ನೊಬೆಲ್‌ಗೆ ನಾಮನಿರ್ದೇಶನಗೊಂಡವರು’ ಎಂದು ಬದುಕಿರುವವರ ಹೆಸರಿನ ಮುಂದೆ ಹಾಕಿದ ಕರಪತ್ರ ಕಂಡರೆ ನಂಬಬೇಡಿ.

ನಿಮ್ಮ ಉದ್ದೇಶಕ್ಕೆ ಹೊಂದುವುದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರ. ಸರ್ಕಾರ 2023ರಲ್ಲಿ ಪ್ರಕಟಿಸಿದ ಈ ಪುರಸ್ಕಾರದಲ್ಲಿ ವಿಜ್ಞಾನ ರತ್ನ, ವಿಜ್ಞಾನ ಶ್ರೀ, ವಿಜ್ಞಾನ ಯುವ-ಶಾಂತಿಸ್ವರೂಪ ಭಟ್ನಾಗರ್, ವಿಜ್ಞಾನ ಟೀಮ್ ಎಂದು ನಾಲ್ಕು ಬಗೆ. ಜೀವವಿಜ್ಞಾನವೂ ಸೇರಿ 13 ಕ್ಷೇತ್ರಗಳು. ಯುವ ವಿಭಾಗಕ್ಕೆ 45 ವರ್ಷದ ಮಿತಿ. ಪ್ರಕಟಣೆಯಲ್ಲಿದ್ದಂತೆ ನಾಮನಿರ್ದೇಶನ ಜನವರಿ 14ರಿಂದ ಫೆಬ್ರವರಿ 28ರವರೆಗೆ, ಸರ್ಕಾರದ ಪುರಸ್ಕಾರ ಪೋರ್ಟಲ್‌ನಲ್ಲಿ. ದಿನಾಂಕ ಆಚೀಚೆ ಆಗುವುದುಂಟು. ಡಿಸೆಂಬರ್‌ನಲ್ಲೇ ಒಮ್ಮೆ ನೋಡಿಕೊಳ್ಳಿ. 2024ರ ಆಗಸ್ಟ್ 22ರಂದು ಮೊದಲ ಸಲ ರಾಷ್ಟ್ರಪತಿ ಭವನದಲ್ಲಿ 33 ಪುರಸ್ಕಾರ ಕೊಟ್ಟರು. ಆ ವರ್ಷದ ಏಕೈಕ ವಿಜ್ಞಾನ ರತ್ನ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರಿಗೆ. ಮಲೇರಿಯಾ ಪರಾವಲಂಬಿ ಹಿಮೋಗ್ಲೋಬಿನ್ ತುಂಬಿದ ರಕ್ತಕಣದೊಳಗೆ ಕೂತಿದ್ದರೂ ತನಗೆ ಬೇಕಾದ ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ) ಅನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ಅವರ ತಂಡದ ಹೆಸರಾಂತ ಕೆಲಸ.

ಕಡತ ಸೋಲುವುದು ಬಹುತೇಕ ಒಂದೇ ರೀತಿಯಲ್ಲಿ. ಮುನ್ನೂರು ಪ್ರಬಂಧಗಳ ಪಟ್ಟಿ ಲಗತ್ತಿಸುತ್ತಾರೆ, ಮುಖ್ಯ ಶೋಧ ಯಾವುದೆಂದು ಎಲ್ಲೂ ಹೇಳಿರುವುದಿಲ್ಲ. ಮೊದಲು ಐವತ್ತು ಪದದೊಳಗೆ ಒಂದು ಶೋಧವನ್ನು ಬರೆಯಿರಿ: ಮೊದಲು ಏನು ತಿಳಿದಿರಲಿಲ್ಲ, ಇವರು ಏನು ತೋರಿಸಿದರು, ಅದನ್ನು ಬೇರೆಯವರು ಎಲ್ಲಿ ದೃಢಪಡಿಸಿದರು. ಆಮೇಲೆ ಅದಕ್ಕೆ ಆಧಾರವಾದ ಐದಾರು ಪ್ರಬಂಧ, ಪ್ರತಿಯೊಂದರ ಕೆಳಗೆ ಎರಡು ಸಾಲಿನಲ್ಲಿ ‘ಇದರಲ್ಲಿ ಇವರ ಪಾಲು ಇಷ್ಟು’. ಜೀವವಿಜ್ಞಾನದಲ್ಲಿ ಲೇಖಕರ ಸಾಲಿನ ಮೊದಲ ಹೆಸರು ಸಾಮಾನ್ಯವಾಗಿ ಪ್ರಯೋಗವನ್ನು ಕೈಯಾರೆ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ನಡುವೆ ಒಂಬತ್ತನೆಯವರಾಗಿದ್ದ ಪ್ರಬಂಧವನ್ನು ತಲೆಯ ಮೇಲೆ ಹೊತ್ತು ತಂದರೆ ಸಮಿತಿಗೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ತೊಡಕು, ಹೊರದೇಶದಲ್ಲಿ ಗುರುಗಳ ಕೈಕೆಳಗೆ ಮಾಡಿದ ಕೆಲಸವನ್ನೇ ಮುಂದಿಡುವುದು. ಹಳೆಯ ಭಟ್ನಾಗರ್ ನಿಯಮದಲ್ಲಿ ಹಿಂದಿನ ಐದು ವರ್ಷಗಳಲ್ಲಿ ಮುಖ್ಯವಾಗಿ ಭಾರತದಲ್ಲಿ ನಡೆದ ಕೆಲಸಕ್ಕೇ ಬೆಲೆ ಇತ್ತು. ಶಿಫಾರಸು ಪತ್ರ ಕೇಳುವುದಾದರೆ ಜೊತೆಯಲ್ಲಿ ಪ್ರಬಂಧ ಬರೆಯದವರಿಂದ ತರಿಸಿ. ಶಾಸಕರ ಪತ್ರ ಬೇಡ.

ಪ್ರಶ್ನೆ: ರೋಸಲಿಂಡ್ ಫ್ರಾಂಕ್ಲಿನ್ ಅವರಿಗೆ ನೊಬೆಲ್ ತಪ್ಪಿಸಿದರು ಎನ್ನುತ್ತಾರೆ. ನಿಜವೆ?
(ಪ್ರೌಢಶಾಲಾ ಶಿಕ್ಷಕಿ, ಬೇಲೂರು)

ಉತ್ತರ: ಅರ್ಧ ನಿಜ. ಡಿಎನ್‌ಎ ರಚನೆಗೆ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೆ ನೊಬೆಲ್ ಬಂದದ್ದು 1962ರಲ್ಲಿ. ಫ್ರಾಂಕ್ಲಿನ್ ತೀರಿಕೊಂಡದ್ದು 1958ರ ಏಪ್ರಿಲ್ 16ರಂದು, 37ನೇ ವಯಸ್ಸಿನಲ್ಲಿ. ಮರಣಾನಂತರ ಹೊಸದಾಗಿ ಹೆಸರು ಪರಿಗಣಿಸುವ ಪದ್ಧತಿ ಅಲ್ಲಿಲ್ಲ. ಮೂವರಿಗಿಂತ ಹೆಚ್ಚು ಜನಕ್ಕೆ ಹಂಚುವಂತೆಯೂ ಇಲ್ಲ. ಹಾಗಾಗಿ ಅನ್ಯಾಯ ನಡೆದದ್ದು ಸ್ಟಾಕ್‌ಹೋಮ್‌ನಲ್ಲಿ ಅಲ್ಲ, ಅದಕ್ಕೂ ಒಂಬತ್ತು ವರ್ಷ ಮೊದಲು ಲಂಡನ್ನಿನಲ್ಲಿ. 1952ರ ಮೇ ತಿಂಗಳಲ್ಲಿ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ತೆಗೆದ, ‘ಫೋಟೊ 51’ ಎಂದು ಹೆಸರಾದ ಎಕ್ಸ್-ರೇ ಚಿತ್ರವನ್ನು ವಿಲ್ಕಿನ್ಸ್ ಅವರು 1953ರ ಜನವರಿಯಲ್ಲಿ ವಾಟ್ಸನ್‌ಗೆ ತೋರಿಸಿದರು. ಫ್ರಾಂಕ್ಲಿನ್ ಅವರಿಗೆ ತಿಳಿಸದೆ.

ಆ ಚಿತ್ರವನ್ನು ತರಗತಿಯಲ್ಲಿ ತೋರಿಸುವಾಗ ಬರೀ ‘ಗುಣಾಕಾರ ಚಿಹ್ನೆ ಕಂಡರೆ ಸುರುಳಿ’ ಎಂದು ಬಿಟ್ಟುಬಿಡಬೇಡಿ. ಚುಕ್ಕೆಗಳ ಸಾಲುಗಳ ನಡುವಿನ ಅಂತರದಿಂದ ಸುರುಳಿಯ ಒಂದು ಸುತ್ತು 34 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಎಂದು ಸಿಗುತ್ತದೆ. ಮೇಲೆ ಕೆಳಗೆ ದಪ್ಪವಾಗಿ ಕಾಣುವ ಗುರುತು 3.4 ಆಂಗ್‌ಸ್ಟ್ರಾಮ್, ಅದು ತಿರುಚಿದ ಏಣಿಯಂತಿರುವ ಡಿಎನ್‌ಎಯ ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ಇರುವ ದೂರ. ಭಾಗಿಸಿದರೆ ಸುತ್ತಿಗೆ ಹತ್ತು ಮೆಟ್ಟಿಲು. ನಾಲ್ಕನೆಯ ಸಾಲು ಚಿತ್ರದಲ್ಲಿ ಮಾಯವಾಗಿದೆ. ಎರಡು ಎಳೆಗಳು ಸಮಾನ ಅಂತರದಲ್ಲಿಲ್ಲ, ಒಂದು ಕಡೆ ಅಗಲ, ಒಂದು ಕಡೆ ಕಿರಿದು ಎಂಬುದಕ್ಕೆ ಅದು ಸುಳಿವು. ಮಕ್ಕಳು ಅಳತೆಪಟ್ಟಿ ಹಿಡಿದು ಈ ಅನುಪಾತವನ್ನು ತಾವೇ ಅಳೆಯಬಹುದು.

ಪ್ರಶಸ್ತಿಯ ಅನ್ಯಾಯಕ್ಕೆ ನಿಜವಾದ ಉದಾಹರಣೆ ಬೇಕಿದ್ದರೆ ಹೈನ್‌ರಿಕ್ ಮಥೈ ಅವರನ್ನು ನೋಡಿ. ಮೊದಲ ಉತ್ತರದಲ್ಲಿ ಹೇಳಿದ ಯು-ಅಕ್ಷರದ ಪ್ರಯೋಗವನ್ನು ನಸುಕಿನಲ್ಲಿ ಕೂತು ಮಾಡಿ ಮುಗಿಸಿದವರು ಜರ್ಮನಿಯಿಂದ ಬಂದ ಈ ಯುವ ಸಂಶೋಧಕ. 1962ರ ಪ್ರಶಸ್ತಿಯೂ ಇಲ್ಲ, 1968ರ ನೊಬೆಲ್ಲೂ ಇಲ್ಲ. ಅದು ನಿರೆನ್‌ಬರ್ಗ್, ನಮ್ಮ ಹರಗೋವಿಂದ ಖೊರಾನಾ, ರಾಬರ್ಟ್ ಹಾಲಿ ಮೂವರಿಗೆ ಹೋಯಿತು. ಮಥೈ ಆಗ ಬದುಕಿದ್ದರು.

ಪ್ರಶ್ನೆ: ಇಷ್ಟೆಲ್ಲ ಪ್ರಶಸ್ತಿ ಬಂದರೂ ನಮ್ಮ ಅರೇಬಿಕಾಕ್ಕೆ ಎಲೆ ತುಕ್ಕು ಬರುವುದು ನಿಂತಿಲ್ಲ. ತೋಟದವನಿಗೆ ಇದರಿಂದೇನು ಲಾಭ?
(ಕಾಫಿ ಬೆಳೆಗಾರರು, ಮೂಡಿಗೆರೆ)

ಉತ್ತರ: ಲಾಭ ತೋಟಕ್ಕಿಂತ ಮೊದಲು ನರ್ಸರಿಗೆ ಬರುತ್ತದೆ. ನಿಮ್ಮ ತೋಟದಲ್ಲೂ ಇರಬಹುದಾದ ಎಸ್.795 ತಳಿ ಎಸ್.288 ಮತ್ತು ಕೆಂಟ್ಸ್‌ಗಳ ಸಂಕರ. ಅದರಲ್ಲಿ ತುಕ್ಕು ತಡೆಯುವ ಎಸ್‌ಎಚ್3 ಎಂಬ ವಂಶವಾಹಿ ಇದೆ, ಮೂಲ ಲೈಬೀರಿಕಾ ಕಾಫಿಯದು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಈ ತಳಿ ದಶಕಗಟ್ಟಲೆ ತಾಳಿತು. ಆದರೆ ತುಕ್ಕು ತರುವ ಶಿಲೀಂಧ್ರವೂ ಸುಮ್ಮನೆ ಕೂರುವುದಿಲ್ಲ. ಒಂದೇ ವಂಶವಾಹಿಯ ತಡೆಯನ್ನು ದಾಟುವ ಹೊಸ ಬಗೆಗಳು ಹುಟ್ಟುತ್ತವೆ. ಅದಕ್ಕೇ ಎರಡು ಮೂರು ತಡೆ-ವಂಶವಾಹಿಗಳನ್ನು ಒಂದೇ ಗಿಡದಲ್ಲಿ ಕೂಡಿಸಬೇಕು.

ತೊಡಕು ಇರುವುದು ಇಲ್ಲಿ. ಸಸಿಯಲ್ಲಿ ಒಂದು ತಡೆ ಇದ್ದು ತುಕ್ಕು ಬರಲಿಲ್ಲವೆಂದರೆ, ಎರಡನೆಯದು ಇದೆಯೋ ಇಲ್ಲವೋ ಎಂಬುದನ್ನು ಎಲೆಗೆ ಬೀಜಕಣ ಹಚ್ಚಿ ನೋಡಿದರೂ ತಿಳಿಯುವುದಿಲ್ಲ. ಎರಡೂ ಸಂದರ್ಭದಲ್ಲಿ ಎಲೆ ಹಸಿರಾಗಿಯೇ ಇರುತ್ತದೆ. ಆಗ ದಾರಿ ಡಿಎನ್‌ಎ ಗುರುತು ಒಂದೇ. 1993ರಲ್ಲಿ ಕ್ಯಾರಿ ಮುಲ್ಲಿಸ್ ಅವರಿಗೆ ನೊಬೆಲ್ ತಂದ, ಡಿಎನ್‌ಎಯ ಬೇಕಾದ ತುಣುಕಿಗೆ ಲಕ್ಷಗಟ್ಟಲೆ ಪ್ರತಿ ತೆಗೆಯುವ ಪಿಸಿಆರ್ ವಿಧಾನದಿಂದ ಎಳೆ ಸಸಿಯ ಎಲೆಯ ಚೂರಿನಲ್ಲೇ ಎಸ್‌ಎಚ್3 ಪಕ್ಕದ ಗುರುತು ಇದೆಯೇ ನೋಡಬಹುದು. ಗಿಡ ಬೆಳೆದು ಮಳೆಗಾಲಗಳನ್ನು ದಾಟುವವರೆಗೆ ಕಾಯಬೇಕಿಲ್ಲ. ಕಾಂಡಕೊರಕಕ್ಕೆ ಇಂಥ ಸುಲಭದ ದಾರಿ ಇಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ಈಗಿರುವ ಗಿಡಕ್ಕೆ ಮಾತ್ರ ಬೋರ್ಡೋ ದ್ರಾವಣವೇ. ಶೇ 0.5ರದು: 200 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಎಲೆಯ ಅಡಿಭಾಗಕ್ಕೆ ತಾಗುವಂತೆ. ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಬೆರೆಸಿದ್ದನ್ನು ಅದೇ ದಿನ ಮುಗಿಸಿ.

ಪ್ರಶ್ನೆ: ವಿದ್ಯಾರ್ಥಿಗಳಿಗೆ ತೋರಿಸಲು ಕಾಫಿ ಎಲೆಯಿಂದ ಡಿಎನ್‌ಎ ತೆಗೆದು ಪಿಸಿಆರ್ ಮಾಡಿಸುತ್ತಿದ್ದೇವೆ. ಗಸಿ ಕಂದು ಬಣ್ಣಕ್ಕೆ ತಿರುಗುತ್ತದೆ, ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಪಟ್ಟಿಯೇ ಬರುವುದಿಲ್ಲ. ಬಟಾಣಿ ಎಲೆಗೆ ಅದೇ ವಿಧಾನ ಚೆನ್ನಾಗಿ ಬರುತ್ತದೆ. ಏನು ತಪ್ಪುತ್ತಿದೆ?
(ಜೈವಿಕ ತಂತ್ರಜ್ಞಾನ ವಿಭಾಗ, ಹಾಸನ)

ಉತ್ತರ: ಕಾಫಿ ಎಲೆಯಲ್ಲಿ ಪಾಲಿಫೀನಾಲ್‌ಗಳು ಹೇರಳ. ಎಲೆ ಜಜ್ಜಿದ ಕ್ಷಣದಿಂದ ಅವು ಗಾಳಿ ತಾಗಿ ಕಪ್ಪಾಗುತ್ತವೆ, ಡಿಎನ್‌ಎಗೆ ಅಂಟಿಕೊಂಡು ಬಿಡುವುದಿಲ್ಲ, ಪಿಸಿಆರ್‌ನಲ್ಲಿ ಪ್ರತಿ ತೆಗೆಯುವ ಟಾಕ್ ಕಿಣ್ವವನ್ನೂ ಕಟ್ಟಿಹಾಕುತ್ತವೆ. ಕಂದು ಗಸಿಯನ್ನು ತೊಳೆದು ಬಿಳಿ ಮಾಡಲು ಹೊರಟರೆ ದಿನ ಹಾಳು. ಎಸೆದು ಹೊಸ ಎಲೆಯಿಂದ ಶುರುಮಾಡಿ.

ಎಲೆಯ ಆಯ್ಕೆಯಲ್ಲೇ ಅರ್ಧ ಕೆಲಸ. ರೆಕ್ಕೆಯ (ಅಡ್ಡಕೊಂಬೆಯ) ತುದಿಯ ಎಳೆಯ ಜೋಡಿ ಎಲೆ ತೆಗೆಯಿರಿ, ಬಲಿತದ್ದು ಬೇಡ. ದ್ರವ ಸಾರಜನಕ ಇಲ್ಲದಿದ್ದರೆ ತೋಟದಲ್ಲೇ ಎಲೆಯನ್ನು ಸಿಲಿಕಾ ಜೆಲ್ ತುಂಬಿದ ಜಿಪ್ ಚೀಲಕ್ಕೆ ಹಾಕಿ, ಗರಿಗರಿಯಾಗಿ ಒಣಗಿದ ಮೇಲೆ ಪುಡಿಮಾಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದ ಎಲೆ ಬರುವಷ್ಟರಲ್ಲಿ ಕಂದಿರುತ್ತದೆ.

ಜೀವಕೋಶ ಒಡೆದು ಡಿಎನ್‌ಎ ಬಿಡಿಸುವ ಸಿಟಿಎಬಿ ಎಂಬ ಮಾರ್ಜಕದ ದ್ರಾವಣ 100 ಮಿ.ಲೀ.ಗೆ: ಸಿಟಿಎಬಿ 2 ಗ್ರಾಂ, ಸೋಡಿಯಂ ಕ್ಲೋರೈಡ್ 8.18 ಗ್ರಾಂ, 1 ಮೋಲಾರ್ ಟ್ರಿಸ್ (ಪಿಎಚ್ 8) 10 ಮಿ.ಲೀ., 0.5 ಮೋಲಾರ್ ಇಡಿಟಿಎ (ಪಿಎಚ್ 8) 4 ಮಿ.ಲೀ., ಪಿವಿಪಿ 2 ಗ್ರಾಂ. ಬಟಾಣಿಗೆ ಪಿವಿಪಿ ಇಲ್ಲದೆಯೂ ನಡೆದೀತು. ಕಾಫಿಗೆ ನಡೆಯದು, ಪಾಲಿಫೀನಾಲನ್ನು ಹಿಡಿದಿಡುವುದೇ ಅದು. ಬೀಟಾ-ಮರ್ಕ್ಯಾಪ್ಟೊಎಥನಾಲ್ ಅನ್ನು ಬಾಟಲಿಗೆ ಮೊದಲೇ ಬೆರೆಸಿಡಬೇಡಿ. ಬಳಸುವ ಹೊತ್ತಿಗೆ, 1 ಮಿ.ಲೀ.ಗೆ 2 ಮೈಕ್ರೊಲೀಟರ್, ಹೊಗೆಗೂಡಿನೊಳಗೆ. ಮಲೆನಾಡಿನ ಚಳಿಯ ಬೆಳಗ್ಗೆ ಬಾಟಲಿಯ ತಳದಲ್ಲಿ ಬಿಳಿ ಹರಳು ಕಂಡರೆ ದ್ರಾವಣ ಕೆಟ್ಟಿಲ್ಲ. ಸಿಟಿಎಬಿ ತಣ್ಣಗಾದಾಗ ಹೆಪ್ಪುಗಟ್ಟುತ್ತದೆ. 65 ಡಿಗ್ರಿಗೆ ಬಿಸಿಮಾಡಿ ಪೂರ್ತಿ ಕರಗಿದ ಮೇಲೆ ಬಳಸಿ. ಇದೇ ಕಾರಣಕ್ಕೆ ಮುಂದಿನ ಹಂತಗಳಲ್ಲೂ ಕ್ಲೋರೋಫಾರ್ಮ್ ಮುಗಿಯುವವರೆಗೆ ಕೊಳವೆಯನ್ನು ಮಂಜುಗಡ್ಡೆಯಲ್ಲಿ ಇಡಬಾರದು.

ಹಸಿ ಎಲೆಯಾದರೆ 100 ಮಿಲಿಗ್ರಾಂ, ಒಣಗಿದ್ದಾದರೆ 20 ಸಾಕು. 700 ಮೈಕ್ರೊಲೀಟರ್ ಬಿಸಿ ದ್ರಾವಣ ಹಾಕಿ 65 ಡಿಗ್ರಿಯಲ್ಲಿ 45 ನಿಮಿಷ, ಹತ್ತು ನಿಮಿಷಕ್ಕೊಮ್ಮೆ ಮೆಲ್ಲಗೆ ತಿರುವಿಹಾಕಿ. ಕುಲುಕಿದರೆ ಡಿಎನ್‌ಎ ತುಂಡಾಗುತ್ತದೆ. ಅಷ್ಟೇ ಪ್ರಮಾಣದ ಕ್ಲೋರೋಫಾರ್ಮ್-ಐಸೊಅಮೈಲ್ ಆಲ್ಕೊಹಾಲ್ (24:1) ಸೇರಿಸಿ, 12,000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ. ಮೇಲಿನ ತಿಳಿ ಮಾತ್ರ ತೆಗೆಯಿರಿ. ನಡುವಿನ ಬಿಳಿ ಪದರದ ಆಸೆಗೆ ಬಿದ್ದು ಪಿಪೆಟ್ ಇಳಿಸಿದರೆ ಮುಂದೆಲ್ಲ ತೊಂದರೆ. 500 ಮೈಕ್ರೊಲೀಟರ್ ಬರಬೇಕಾದಲ್ಲಿ 400 ತೆಗೆದರೂ ನಷ್ಟವಿಲ್ಲ. ಕಾಫಿಗೆ ಈ ಹಂತ ಎರಡು ಸಲ ಮಾಡಿ. ಆಮೇಲೆ ತಿಳಿಯ ಮೂರನೇ ಎರಡರಷ್ಟು ಐಸೊಪ್ರೊಪನಾಲ್, ಅರ್ಧ ಗಂಟೆ ಫ್ರೀಜರಿನಲ್ಲಿ, ಮತ್ತೆ 10 ನಿಮಿಷ ತಿರುಗಿಸಿ ಶೇ 70ರ ಎಥನಾಲ್‌ನಲ್ಲಿ ಎರಡು ಸಲ ತೊಳೆದು ಒಣಗಿಸಿ 50 ಮೈಕ್ರೊಲೀಟರ್ ಟಿಇ ದ್ರಾವಣದಲ್ಲಿ ಕರಗಿಸಿ, ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಕಿಣ್ವ ಹಾಕಿ. ಅತಿಯಾಗಿ ಒಣಗಿಸಿದರೆ ಕರಗುವುದಿಲ್ಲ. ಗಸಿ ಲೋಳೆಯಾಗಿದ್ದರೆ ಅದು ಪಾಲಿಸ್ಯಾಕರೈಡ್. ಮುಂದಿನ ಸಲ ಐಸೊಪ್ರೊಪನಾಲ್‌ಗೆ ಮೊದಲು, ತಿಳಿಯ ಅರ್ಧದಷ್ಟು 5 ಮೋಲಾರ್ ಸೋಡಿಯಂ ಕ್ಲೋರೈಡ್ ಸೇರಿಸಿ.

ಅಳೆಯುವಾಗ 260/280 ಅನುಪಾತ (260 ಮತ್ತು 280 ನ್ಯಾನೊಮೀಟರ್ ಬೆಳಕನ್ನು ಮಾದರಿ ಹೀರುವ ಪ್ರಮಾಣಗಳ ಅನುಪಾತ) 1.8ರ ಹತ್ತಿರ ಬಂತೆಂದು ಸಮಾಧಾನಪಡಬೇಡಿ. 260/230 ನೋಡಿ. ಅದು 2ಕ್ಕಿಂತ ತೀರಾ ಕೆಳಗಿದ್ದರೆ ಕಲ್ಮಶ ಉಳಿದಿದೆ. ಪಟ್ಟಿ ಬರಲಿಲ್ಲವೆಂದು ಹೆಚ್ಚು ಡಿಎನ್‌ಎ ಹಾಕುವುದು ಎಲ್ಲರೂ ಮಾಡುವ ಕೆಲಸ. ಇಲ್ಲಿ ಅದು ತಿರುಗುಬಾಣ. ಹತ್ತು ಪಟ್ಟು, ಐವತ್ತು ಪಟ್ಟು ತೆಳುಮಾಡಿ ಹಾಕಿದರೆ ಅಡ್ಡಿಮಾಡುವ ವಸ್ತುವೂ ತೆಳುವಾಗಿ ಪಟ್ಟಿ ಬರುತ್ತದೆ.

25 ಮೈಕ್ರೊಲೀಟರ್ ಪಿಸಿಆರ್‌ಗೆ 20ರಿಂದ 50 ನ್ಯಾನೊಗ್ರಾಂ ಡಿಎನ್‌ಎ, ಮೆಗ್ನೀಸಿಯಂ 1.5 ಮಿಲಿಮೋಲಾರ್, ನಾಲ್ಕೂ ಡಿಎನ್‌ಟಿಪಿ ತಲಾ 0.2 ಮಿಲಿಮೋಲಾರ್, ಪ್ರೈಮರ್ (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ಗೊತ್ತುಮಾಡುವ ಡಿಎನ್‌ಎ ಚೂರು) ತಲಾ 0.4 ಮೈಕ್ರೊಮೋಲಾರ್, ಟಾಕ್ 1 ಯೂನಿಟ್. 94 ಡಿಗ್ರಿಯಲ್ಲಿ 3 ನಿಮಿಷ, ನಂತರ 94ರಲ್ಲಿ 30 ಸೆಕೆಂಡ್, 55ರಲ್ಲಿ 30 ಸೆಕೆಂಡ್, 72ರಲ್ಲಿ 1 ನಿಮಿಷ, ಹೀಗೆ 35 ಸುತ್ತು. 55 ಎಂಬುದು ಪ್ರೈಮರ್‌ಗೆ ತಕ್ಕಂತೆ ಬದಲಾಗುತ್ತದೆ. ಪ್ರತಿ ಸಲ ಎರಡು ಕೊಳವೆ ಹೆಚ್ಚಿಗೆ ಇಡಿ: ಒಂದರಲ್ಲಿ ಡಿಎನ್‌ಎ ಬದಲು ನೀರು, ಇನ್ನೊಂದರಲ್ಲಿ ನಿಮಗೆ ಚೆನ್ನಾಗಿ ಬರುವ ಬಟಾಣಿ ಡಿಎನ್‌ಎ ಮತ್ತು ಅದರ ಪ್ರೈಮರ್. ಬಟಾಣಿ ಕೊಳವೆಗೆ 1 ಮೈಕ್ರೊಲೀಟರ್ ಕಾಫಿ ಡಿಎನ್‌ಎ ಸೇರಿಸಿದಾಗ ಬಟಾಣಿಯ ಪಟ್ಟಿಯೂ ಮಾಯವಾದರೆ ತಪ್ಪು ಪ್ರೈಮರಿನದಲ್ಲ, ಕಲ್ಮಶದ್ದು.

ಮಕ್ಕಳಿಗೆ ಇದನ್ನೂ ಹೇಳಿ. ಮುಲ್ಲಿಸ್ ಅವರ 1983ರ ಆಲೋಚನೆಯಂತೆ ಮೊದಮೊದಲು ಪಿಸಿಆರ್ ಮಾಡುವಾಗ ಬಿಸಿಗೆ ಕಿಣ್ವ ಸಾಯುತ್ತಿತ್ತು, ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕಿತ್ತು. ಅದನ್ನು ತಪ್ಪಿಸಿದ್ದು ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ ಥಾಮಸ್ ಬ್ರಾಕ್ ಕಂಡುಹಿಡಿದ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯಾದ ಕಿಣ್ವ, ಅದೇ ಟಾಕ್. ಬ್ರಾಕ್ ಅವರಿಗೆ ನೊಬೆಲ್ ಬರಲಿಲ್ಲ.

ಪ್ರಶ್ನೆ: ಮಂಗನ ಕಾಯಿಲೆ ಶಂಕೆಯಲ್ಲಿ ರಕ್ತ ತೆಗೆದವರು ಒಬ್ಬರಿಗೆ ಆರ್‌ಟಿ-ಪಿಸಿಆರ್, ಇನ್ನೊಬ್ಬರಿಗೆ ಎಲಿಸಾ ಎಂದರು. ವ್ಯತ್ಯಾಸವೇನು?
(ಕೊಪ್ಪ)

ಉತ್ತರ: ಜ್ವರ ಶುರುವಾಗಿ ಎಷ್ಟು ದಿನ ಆಯಿತು ಎಂಬುದರ ಮೇಲೆ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಆರ್‌ಟಿ-ಪಿಸಿಆರ್ ಅದನ್ನು ಹಿಡಿಯುತ್ತದೆ. ದಿನ ಕಳೆದಂತೆ ವೈರಸ್ ಇಳಿದು ದೇಹ ತಯಾರಿಸಿದ ಪ್ರತಿಕಾಯ ಏರುತ್ತದೆ, ಆಗ ಆ ಪ್ರತಿಕಾಯವನ್ನು ಹುಡುಕುವ ಐಜಿಎಂ ಎಲಿಸಾ. ಈ ವೈರಸ್ಸಿನಲ್ಲಿರುವುದು ಆರ್‌ಎನ್‌ಎ. ಅದನ್ನು ಮೊದಲು ಡಿಎನ್‌ಎಗೆ ತಿರುಗಿಸದೆ ಪಿಸಿಆರ್ ನಡೆಯದು. ಆ ತಿರುಗಿಸುವ ಕಿಣ್ವವನ್ನು 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಬೇರೆಬೇರೆಯಾಗಿ ಕಂಡುಹಿಡಿದು 1975ರಲ್ಲಿ ನೊಬೆಲ್ ಪಡೆದರು. ಆರ್‌ಎನ್‌ಎ ಬಹಳ ಬೇಗ ಕೆಡುತ್ತದೆ. ಮಾದರಿ ತಣ್ಣನೆಯ ಪೆಟ್ಟಿಗೆಯಲ್ಲಿ ಹೋಗದಿದ್ದರೆ ಕಾಯಿಲೆ ಇದ್ದರೂ ‘ಇಲ್ಲ’ ಎಂದು ವರದಿ ಬರಬಹುದು. ಜ್ವರ ಬಂದ ದಿನಾಂಕವನ್ನೂ ಕಾಡಿಗೆ ಹೋದದ್ದನ್ನೂ ವೈದ್ಯರಿಗೆ ಸರಿಯಾಗಿ ಹೇಳಿ.

ಪ್ರಶ್ನೆ: ಪ್ರಶಸ್ತಿ ಕೊಟ್ಟ ಮೇಲೆ ಸಂಶೋಧನೆ ತಪ್ಪೆಂದು ಗೊತ್ತಾದದ್ದು ಉಂಟೆ?
(ತಂಬಾಕು ಬೆಳೆಗಾರರ ಮಗ, ರಾಮನಾಥಪುರ, ಅರಕಲಗೂಡು ತಾಲ್ಲೂಕು)

ಉತ್ತರ: ಉಂಟು, ಅದರಲ್ಲೂ ಒಂದು ನಿಮ್ಮ ಬೆಳೆಯದೇ. ತಂಬಾಕಿನ ಮೊಸಾಯಿಕ್ ವೈರಸ್ಸನ್ನು 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಹರಳು ಮಾಡಿ, ಅದು ಶುದ್ಧ ಪ್ರೋಟೀನ್ ಎಂದರು. ಇಂಗ್ಲೆಂಡಿನ ಬಾಡನ್ ಮತ್ತು ಪಿರಿ ಸ್ವಲ್ಪದರಲ್ಲೇ ಅದರಲ್ಲಿ ರಂಜಕ ಮತ್ತು ಆರ್‌ಎನ್‌ಎ ಇರುವುದನ್ನು ತೋರಿಸಿದರು, ತೂಕದಲ್ಲಿ ಸುಮಾರು ಶೇ 5-6. ಸ್ಟ್ಯಾನ್ಲಿ ಅವರಿಗೆ 1946ರಲ್ಲಿ ರಸಾಯನದ ನೊಬೆಲ್ ಬಂತು. ಆ ಸಣ್ಣ ಪಾಲಿನ ಆರ್‌ಎನ್‌ಎಯೇ ರೋಗ ತರುವುದು ಎಂದು ಖಚಿತವಾದದ್ದು 1956ರಲ್ಲಿ. ಬೇಲೂರಿನ ಪ್ರಶ್ನೆಯಲ್ಲಿ ಬಂದ ಫ್ರಾಂಕ್ಲಿನ್ ಅವರು ಕೊನೆಯ ವರ್ಷಗಳಲ್ಲಿ ದುಡಿದದ್ದೂ ಇದೇ ವೈರಸ್ಸಿನ ಮೇಲೆ. ಆರ್‌ಎನ್‌ಎ ಪ್ರೋಟೀನ್ ಕವಚದ ಒಳಮೈಯಲ್ಲಿ ಸುರುಳಿಯಾಗಿ ಹುದುಗಿದೆ ಎಂದು ಅವರ ಗುಂಪು ತೋರಿಸಿತು. ಆ ಗುಂಪಿನಲ್ಲಿದ್ದ ಏರನ್ ಕ್ಲುಗ್ ಅವರಿಗೆ 1982ರಲ್ಲಿ ನೊಬೆಲ್ ಸಿಕ್ಕಿತು. ಪೂರ್ತಿ ತಪ್ಪಿಗೆ ಉದಾಹರಣೆ ಫಿಬಿಗರ್ ಅವರ 1926ರ ನೊಬೆಲ್, ಹುಳುವಿನಿಂದ ಇಲಿಗೆ ಕ್ಯಾನ್ಸರ್ ಎಂದದ್ದು. ನೊಬೆಲ್ ಹಿಂತೆಗೆದುಕೊಳ್ಳುವ ಏರ್ಪಾಡಿಲ್ಲ.

ಬೀಡಿ ಸೇದಿದ ಕೈಯಲ್ಲಿ ಟೊಮೆಟೊ, ಮೆಣಸಿನ ಸಸಿ ಮುಟ್ಟಬೇಡಿ. ಒಣ ತಂಬಾಕಿನಲ್ಲೂ ಈ ವೈರಸ್ ಬದುಕಿರುತ್ತದೆ. ಸೋಪು ಹಾಕಿ ಕೈತೊಳೆದು ನಾಟಿಗೆ ಇಳಿಯಿರಿ.

ಪ್ರಶ್ನೆ: ಎಲ್ಲ ಪ್ರಶಸ್ತಿಗೂ ನಲವತ್ತು, ನಲವತ್ತೈದರ ಮಿತಿ. ಮಕ್ಕಳಾದ ಮೇಲೆ ಸಂಶೋಧನೆಗೆ ಮರಳುವ ಹೆಂಗಸರು ಏನು ಮಾಡಬೇಕು?
(ಕಡೂರು)

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಇನ್ಫೋಸಿಸ್ ಪ್ರಶಸ್ತಿ 2024ರಿಂದ ಮಿತಿಯನ್ನು 40ಕ್ಕೆ ಇಳಿಸಿತು. ಪಿಎಚ್‌.ಡಿ., ಆಮೇಲಿನ ತರಬೇತಿ ಮುಗಿಸಿ ಸ್ವಂತ ಪ್ರಯೋಗಾಲಯ ಸಿಗುವ ಹೊತ್ತಿಗೆ 33-35 ಆಗಿರುತ್ತದೆ. ಉಳಿದ ಐದಾರು ವರ್ಷದಲ್ಲಿ ಹೆರಿಗೆಯೂ ಬಂದರೆ ಲೆಕ್ಕ ಕೂಡುವುದಿಲ್ಲ. ಹುಟ್ಟಿದ ದಿನಾಂಕದ ಬದಲು ಸ್ವತಂತ್ರ ಸಂಶೋಧನೆ ಶುರುವಾದ ವರ್ಷದಿಂದ ಎಣಿಸಿ, ಮಗುವಿಗೆ ಇಂತಿಷ್ಟು ವಿನಾಯಿತಿ ಕೊಡುವುದು ಸರಿಯಾದ ದಾರಿ. ಎಂಬೊ ಸಂಸ್ಥೆ ತನ್ನ ಯುವ ಸಂಶೋಧಕರ ಯೋಜನೆಗೆ ಬಹುಮಟ್ಟಿಗೆ ಇದನ್ನೇ ಪಾಲಿಸುತ್ತದೆ. ಭಾರತ 2016ರಿಂದ ಅದರ ಸಹಭಾಗಿಯಾದ್ದರಿಂದ ಇಲ್ಲಿನವರಿಗೂ ಅದರ ಯೋಜನೆಗಳು ತೆರೆದಿವೆ. ಮರಳಿ ಬರುವವರಿಗೆ ಕೇಂದ್ರದ ವೈಸ್-ಕಿರಣ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ ಬಯೊಕೇರ್ ಯೋಜನೆಗಳನ್ನು ನೋಡಿ.

ಪ್ರಶ್ನೆ: ನೀಟ್‌ನಲ್ಲಿ ಅಂಕ ಬರಲಿಲ್ಲ. ಈ ಕ್ಷೇತ್ರಕ್ಕೆ ಹೋಗುವ ದಾರಿ ಯಾವುದು?
(ದ್ವಿತೀಯ ಪಿಯು ಮುಗಿಸಿದವರು, ಹೊಳೆನರಸೀಪುರ)

ಉತ್ತರ: ದಾರಿಗಳು ಹಲವು. ಕೇಂದ್ರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳಿಗೆ ಅವರದೇ ಐಎಟಿ ಪರೀಕ್ಷೆ, ಭುವನೇಶ್ವರದ ನೈಸರ್‌ಗೆ ನೆಸ್ಟ್. ಅದೂ ಆಗದಿದ್ದರೆ ಹಾಸನದಲ್ಲೇ ಬಿ.ಎಸ್ಸಿ. ಮಾಡಿ, ರಸಾಯನವನ್ನು ಮಾತ್ರ ಕೈಬಿಡಬೇಡಿ. ಬಯೊಟೆಕ್ನಾಲಜಿ ಎಂಬ ಹೆಸರಿನ ಮೋಹಕ್ಕೆ ರಸಾಯನ ಬಿಟ್ಟವರು ಮುಂದೆ ಬಫರ್ ಲೆಕ್ಕಕ್ಕೇ ತಡವರಿಸುತ್ತಾರೆ. ಪದವಿಯ ಕೊನೆಯಲ್ಲಿ ಜ್ಯಾಮ್ ಅಥವಾ ಗ್ಯಾಟ್-ಬಿ ಪ್ರವೇಶ ಪರೀಕ್ಷೆ ಬರೆದು ಎಂ.ಎಸ್ಸಿ.ಗೆ ಸೇರಿ. ಜ್ಯಾಮ್ ಮೂಲಕ ಭಾರತೀಯ ವಿಜ್ಞಾನ ಸಂಸ್ಥೆಯ ಸಮಗ್ರ ಪಿಎಚ್‌.ಡಿ.ಗೂ ಹೋಗಬಹುದು. ಆಮೇಲೆ ಸಂಶೋಧನಾ ವೇತನಕ್ಕೆ (ಜೆಆರ್‌ಎಫ್) ಸಿಎಸ್ಐಆರ್-ನೆಟ್ ಪರೀಕ್ಷೆ. ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ (ಎನ್‌ಸಿಬಿಎಸ್) ಜೆಜಿಬಿಲ್ಸ್ ಪರೀಕ್ಷೆ. ಪದವಿ ಓದುವಾಗಲೇ ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಕೂರಬಹುದು. ಅರ್ಜಿ ನವೆಂಬರ್ ಹೊತ್ತಿಗೇ ಮುಗಿಯುತ್ತದೆ, ಬೇಸಿಗೆ ಬರಲಿ ಎಂದು ಕಾಯಬೇಡಿ. ಅದರಲ್ಲಿ ‘ಯಾಕೆ ಬರುತ್ತೀರಿ’ ಎಂದು ಬರೆಯುವ ಜಾಗದಲ್ಲಿ ‘ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ’ ಎಂದು ಬರೆದವರೇ ಹೆಚ್ಚು. ನೀವು ಒಂದು ಪ್ರಶ್ನೆ ಬರೆಯಿರಿ, ಅದಕ್ಕೆ ಉತ್ತರ ಸಿಗಲು ಯಾವ ಪ್ರಯೋಗ ಬೇಕು, ಹೋಲಿಕೆಗೆ ಏನಿಡುತ್ತೀರಿ ಎಂದು ಸೇರಿಸಿ.

ಪ್ರಶ್ನೆ: ಈ ವರ್ಷದ ವೈದ್ಯಕೀಯ ನೊಬೆಲ್ ಯಾವಾಗ ಗೊತ್ತಾಗುತ್ತದೆ?
(ತರೀಕೆರೆ)

ಉತ್ತರ: ಅಕ್ಟೋಬರಿನ ಮೊದಲ ವಾರದ ಸೋಮವಾರ, ನಮ್ಮ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ. ರಸಾಯನ ಬುಧವಾರ. ಈ ಕ್ಷೇತ್ರದವರಿಗೆ ಎರಡರಲ್ಲಿ ಯಾವುದರಲ್ಲಾದರೂ ಬರಬಹುದು, ಎರಡನ್ನೂ ನೋಡಿ.